ಬೀಪ್ ಅಂದರೆ ಸಾಕೇ?

ಮೊನ್ನೆ ಭಾನುವಾರ ಥಾಣೆಯಲ್ಲಿ ಒಂದು ಮಾಲ್ ಗೆ ಹೋಗಿದ್ದೆವು. ಬಾಗಿಲಲ್ಲಿ ಎಂದಿನಂತೆ ಮೆಟಲ್ ಡಿಟೆಕ್ಟರಿನ ಚೌಕಟ್ಟು. ನನ್ನಾಕೆ ದಾಟಿದಳು, ಬೀಪ್. ನಾನು ದಾಟಿದೆ, ಬೀಪ್. ಹಿಂದೆ ಬಂದ ಮೂರು ವರ್ಷದ ಮಗು ದಾಟಿತು, ಅದಕ್ಕೂ ಬೀಪ್! ಪಕ್ಕದಲ್ಲಿ ಕೂತಿದ್ದ ಸೆಕ್ಯುರಿಟಿಯವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಎಲ್ಲಾರಿಗೂ ಬೀಪ್ ಅಂದ್ರ ಇದನ್ನ ಯಾಕ ಇಟ್ಟಾರ್ರೀ?" ಅಂದಳು ನನ್ನಾಕೆ. ಡೊಂಬಿವಲಿಗೆ ಬಂದು ಮೂವತ್ತೈದು ವರ್ಷವಾದರೂ ಅವಳ ಗದಗಿನ ಮಾತು ಹೋಗಿಲ್ಲ.

ನಾನು ನಕ್ಕು ಸುಮ್ಮನಾದೆ. ಆದರೆ ವಾಪಸ್ಸು ಬರುವಾಗ ಲೋಕಲ್ ಟ್ರೇನಿನ ನಾಲ್ಕನೇ ಸೀಟಿನಲ್ಲಿ ಅರ್ಧ ಕೂತು ಅರ್ಧ ನೇತಾಡುತ್ತಾ ಬರುವಾಗಲೂ ಆ ಪ್ರಶ್ನೆ ಕೊರೆಯುತ್ತಲೇ ಇತ್ತು. ಯಾಕೆಂದರೆ ಅಂಥದೇ ಒಂದು ಬೀಪ್ ಅನ್ನು ನಂಬಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಇವತ್ತು ಅದನ್ನು ಹೇಳಿಬಿಡೋಣ ಅಂತ ಕೂತಿದ್ದೇನೆ.

ವಿಷಯ ಸ್ವಲ್ಪ ಟೆಕ್ನಿಕಲ್. ಆದರೆ ಹೆದರಬೇಡಿ. ಚಕ್ಕುಲಿ ಒತ್ತಿ ಗೊತ್ತಿರುವವರಿಗೆ ಅರ್ಧ ವಿಷಯ ಆಗಲೇ ಗೊತ್ತಿದೆ.

ಕಾಯಿಲ್ ಅಂದರೆ ತಂತಿಯ ಸುರುಳಿ. ಅದರಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕರೆಂಟ್ ಹರಿಸಿದರೆ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಹತ್ತಿರಕ್ಕೆ ಒಂದು ಲೋಹದ ತುಂಡು ಬಂದರೆ ಅದರ ಮೈಯಲ್ಲೂ ಸುಳಿಯಂತೆ ಕರೆಂಟ್ ಹುಟ್ಟುತ್ತದೆ. ಇದಕ್ಕೆ ಎಡ್ಡಿ ಕರೆಂಟ್ ಅಂತ ಹೆಸರು. ಈ ಸುಳಿ ತನ್ನನ್ನು ಹುಟ್ಟಿಸಿದ ಕ್ಷೇತ್ರಕ್ಕೇ ಎದುರು ನಿಲ್ಲುತ್ತದೆ. ಅದರಿಂದ ಕಾಯಿಲಿನ ಇಂಡಕ್ಟೆನ್ಸ್ ಇಳಿಯುತ್ತದೆ, ನಷ್ಟ ಏರುತ್ತದೆ. ಈ ಬದಲಾವಣೆಯನ್ನು ನೋಡಿ "ಲೋಹ ಬಂತು, ಇಷ್ಟು ದೂರದಲ್ಲಿದೆ" ಅಂತ ತಿಳಿಯುವುದೇ ಇಂಡಕ್ಟಿವ್ ಸೆನ್ಸಿಂಗ್. ಮುಟ್ಟುವ ಹಾಗಿಲ್ಲ, ಸವೆಯುವ ಹಾಗಿಲ್ಲ. ನಡುವೆ ಎಣ್ಣೆ, ಧೂಳು, ನೀರು ಇದ್ದರೂ ನಡೆಯುತ್ತದೆ. ಮಾಲ್ ಬಾಗಿಲಿನ ಚೌಕಟ್ಟು, ರೈಲು ಹಳಿಯ ಪಕ್ಕ ಕೂತು ಗಾಲಿ ಎಣಿಸುವ ಆಕ್ಸಲ್ ಕೌಂಟರ್, ಫ್ಯಾಕ್ಟರಿಗಳಲ್ಲಿ ಬೆರಳು ಗಾತ್ರದ ಪ್ರಾಕ್ಸಿಮಿಟಿ ಸೆನ್ಸರ್, ಎಲ್ಲವೂ ಒಂದೇ ಬಳಗ.

ಈ ಪ್ರಾಕ್ಸಿಮಿಟಿ ಸೆನ್ಸರ್ ಹುಟ್ಟಿದ್ದು 1958ರಲ್ಲಿ, ಜರ್ಮನಿಯ ಮ್ಯಾನ್‌ಹೈಮ್ ನಲ್ಲಿ. ವಾಲ್ಟರ್ ಪೆಪ್ಪರ್ಲ್ ಮತ್ತು ವಿಲ್‌ಫ್ರೀಡ್ ಗೆಲ್ ಎಂಬಿಬ್ಬರ ಕೆಲಸ. ಕೆಮಿಕಲ್ ಕಾರ್ಖಾನೆಯಲ್ಲಿ ಕಿಡಿ ಹಾರಿಸದ, ತುಕ್ಕು ಹಿಡಿಯದ ಸ್ವಿಚ್ ಬೇಕಿತ್ತಂತೆ. ಆಗೆಲ್ಲ ಸಣ್ಣ ಫೆರೈಟ್ ಬಟ್ಟಲಿನಲ್ಲಿ ಎನಾಮಲ್ ತಂತಿ ಸುತ್ತುತ್ತಿದ್ದರು. ಈಗ ಬಹಳ ಕಡೆ ತಂತಿಯೇ ಇಲ್ಲ. ಸರ್ಕ್ಯೂಟ್ ಬೋರ್ಡಿನ ಮೇಲೆ ತಾಮ್ರದ ಗೆರೆಯನ್ನೇ ಚಕ್ಕುಲಿಯಂತೆ ಸುತ್ತಿಸಿ ಪ್ರಿಂಟ್ ಮಾಡಿಬಿಡುತ್ತಾರೆ. 2013ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ನವರ ಎಲ್‌ಡಿಸಿ 1000 ಅನ್ನೋ ಚಿಪ್ ಬಂತು. ಕಾಯಿಲಿನಲ್ಲಾಗುವ ಬದಲಾವಣೆಯನ್ನು ನೇರ ಸಂಖ್ಯೆಯಾಗಿ ಕೊಡುವ ಚಿಪ್. ಅದಾದ ಮೇಲೆ ನಮ್ಮಂಥ ಸಣ್ಣ ಯೂನಿಟ್ಟಿನವರಿಗೂ ಈ ಕೆಲಸ ಕೈಗೆಟುಕಿತು. ಸುತ್ತುವವರು ಬೇಡ, ಫೆರೈಟ್ ಬೇಡ. ಬೋರ್ಡ್ ಮಾಡಿಸಿದರೆ ಕಾಯಿಲ್ ಪುಕ್ಕಟೆ.

ಪುಕ್ಕಟೆ ಅಂದೆನಲ್ಲ, ಅಲ್ಲೇ ಇರೋದು ನೋಡಿ ಮಜಾ.

ನನ್ನ ಕಥೆ ಸ್ವಲ್ಪ ಹೇಳಬೇಕು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಎಂಟು ತಿಂಗಳು ಒಂದು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿದ್ದೆ. ಅಂಗಡಿಯ ಉಸ್ತಾದ್ ಶಾಲೆಗೆ ಹೋದವರಲ್ಲ. ಮಿಕ್ಸಿ, ಡ್ರಿಲ್ಲು, ಗ್ರೈಂಡರು ಯಾವುದರ ಆರ್ಮೇಚರ್ ಬಂದರೂ ಸುತ್ತಿ ಮುಗಿಸಿದ ಮೇಲೆ ಮೂಲೆಯಲ್ಲಿದ್ದ ಗ್ರೌಲರ್ ಮೇಲೆ ಇಡುತ್ತಿದ್ದರು. ಅದೊಂದು ಗುಂಯ್ ಗುಡುವ ಕಬ್ಬಿಣದ ದಿಮ್ಮಿ. ಅದರ ಕಾಂತಕ್ಷೇತ್ರದಲ್ಲಿ ಆರ್ಮೇಚರ್ ತಿರುಗಿಸುತ್ತಾ ಮೇಲೆ ಒಂದು ಹಳೇ ಹ್ಯಾಕ್ಸಾ ಬ್ಲೇಡ್ ಹಿಡಿಯುತ್ತಿದ್ದರು. ಒಳಗೆ ಎಲ್ಲಾದರೂ ಒಂದು ಸುತ್ತು ಪಕ್ಕದ ಸುತ್ತಿಗೆ ತಾಗಿ ಶಾರ್ಟ್ ಆಗಿದ್ದರೆ ಆ ಜಾಗದಲ್ಲಿ ಬ್ಲೇಡ್ ಪಟಪಟ ಅಂತ ನಡುಗುತ್ತಿತ್ತು.

ನಾನು ಒಮ್ಮೆ ಜಾಣತನ ತೋರಿಸಲು ಹೋಗಿ, "ಉಸ್ತಾದ್, ಮೀಟರ್ ಹಚ್ಚಿ ನೋಡೇನಿ, ಎಲ್ಲಾ ಬರಾಬರಿ ಐತ್ರಿ" ಅಂದಿದ್ದೆ. ಅವರು ನಕ್ಕರು. "ಏ ತಮ್ಮಾ, ಮೀಟರ್ ದಾರಿ ಐತೋ ಇಲ್ಲೋ ಅಷ್ಟ ಹೇಳತೈತಿ. ದಾರಿಯೊಳಗ ಕಳ್ಳ ಅದಾನೋ ಇಲ್ಲೋ ಬ್ಲೇಡ್ ಹೇಳತೈತಿ" ಅಂದರು.

ಈ ಮಾತು ಬರೆದಿಟ್ಟುಕೊಳ್ಳಬೇಕಿತ್ತು. ಬರೆದುಕೊಳ್ಳಲಿಲ್ಲ. 1986ರಲ್ಲಿ ಟ್ರಂಕು ಹಿಡಿದು ಮುಂಬಯಿಗೆ ಬಂದೆ.

ಮೊದಲ ಕೆಲಸ ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ. 1962ರಲ್ಲಿ ಎಂಐಡಿಸಿ ಹುಟ್ಟಿದಾಗ ಅದರ ಕೆಲಸ ಶುರುವಾದ ಜಾಗವೇ ಅದು. ಆಮೇಲೆ ಹೊಸ ಮುಂಬಯಿಯ ರಬಾಳೆ. ಆಗ ಥಾಣೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಬೇಕಿತ್ತು. 2004ರಲ್ಲಿ ಥಾಣೆ-ವಾಶಿ ಲೋಕಲ್ ಶುರುವಾದ ಮೇಲೆ ನಮ್ಮ ಡೊಂಬಿವಲಿ, ಕಲ್ಯಾಣದ ಕಡೆಯವರಿಗೆ ಜೀವ ಬಂತು. ಕೊನೆಗೆ ಇಬ್ಬರು ಗೆಳೆಯರು ಸೇರಿ ಡೊಂಬಿವಲಿ ಎಂಐಡಿಸಿಯಲ್ಲೇ ಒಂದು ಗಾಳೆ ಬಾಡಿಗೆಗೆ ಹಿಡಿದೆವು. ನಮ್ಮೂರಲ್ಲಿ ಗಾಳ ಅಂದರೆ ಮೀನು ಹಿಡಿಯೋದು, ಇಲ್ಲಿ ಗಾಳೆ ಅಂದರೆ ಕಾರ್ಖಾನೆಯ ಷೆಡ್ಡು. ಎರಡರಲ್ಲೂ ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋದು ಕಷ್ಟ!

ಇರಲಿ, ಕಾಯಿಲಿಗೆ ಬರೋಣ. 2018ರಲ್ಲಿ ಒಂದು ಆರ್ಡರ್ ಬಂತು. ಪ್ಯಾಕಿಂಗ್ ಮಷೀನಿನ ಕಾವಲು ಬಾಗಿಲು ಮುಚ್ಚಿದೆಯೋ ಇಲ್ಲವೋ ಹೇಳುವ ಚಪ್ಪಟೆ ಸೆನ್ಸರ್. ಮುನ್ನೂರು ಬೋರ್ಡ್. ಡಿಸೈನ್ ಮಾಡಿದ್ದು ಕಲ್ಯಾಣದಿಂದ ಬರುತ್ತಿದ್ದ ಒಬ್ಬ ಮರಾಠಿ ಹುಡುಗಿ. ಕಾಲೇಜು ಮುಗಿಸಿ ಒಂದು ವರ್ಷ ಆಗಿತ್ತಷ್ಟೆ. ಬಹಳ ಚುರುಕು.

ಅವಳು ಹಾಕಿದ ಲೆಕ್ಕ ಇನ್ನೂ ನನ್ನ ಡೈರಿಯಲ್ಲಿದೆ. ಹೊರ ವ್ಯಾಸ 20 ಮಿಲಿಮೀಟರ್. ಗೆರೆಯ ಅಗಲ 0.15, ಗೆರೆಗಳ ನಡುವಿನ ಜಾಗ 0.15. 23 ಸುತ್ತು. ಒಳಗೆ ಸುಮಾರು 6 ಮಿಲಿಮೀಟರ್ ಖಾಲಿ. ಇಂಥ ಸುರುಳಿಯ ಇಂಡಕ್ಟೆನ್ಸ್ ಕಂಡುಹಿಡಿಯಲು ಸೂತ್ರಗಳಿವೆ. ರೇಡಿಯೋ ಕಾಯಿಲುಗಳಿಗೆ 1928ರಲ್ಲೇ ಹೆರಾಲ್ಡ್ ವೀಲರ್ ಸರಳ ಸೂತ್ರ ಕೊಟ್ಟಿದ್ದರು. ಚಪ್ಪಟೆ ಸುರುಳಿಗಳಿಗೆ ಈಗ ಎಲ್ಲರೂ ಬಳಸುವುದು 1999ರಲ್ಲಿ ಸ್ಟ್ಯಾನ್‌ಫರ್ಡಿನ ಸುಂದರರಾಜನ್ ಮೋಹನ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರ. ಸುತ್ತಿನ ವರ್ಗ, ಸರಾಸರಿ ವ್ಯಾಸ, ಸುರುಳಿ ಎಷ್ಟು ತುಂಬಿದೆ ಅನ್ನುವ ಒಂದು ಅನುಪಾತ, ಇಷ್ಟು ಗೊತ್ತಿದ್ದರೆ ಸಾಕು. ಅದರ ಪ್ರಕಾರ ಒಂದು ಪದರಕ್ಕೆ ಸುಮಾರು 7 ಮೈಕ್ರೋಹೆನ್ರಿ.

ಬೋರ್ಡಿನ ಎರಡೂ ಬದಿಗೆ ಒಂದೊಂದು ಸುರುಳಿ ಹಾಕಿ ಸೀರೀಸ್ ನಲ್ಲಿ ಜೋಡಿಸಿದರೆ ಹದಿನಾಲ್ಕು ಬರಬೇಕು ಅಲ್ಲವೇ? ಅಲ್ಲ. ಇಪ್ಪತ್ಮೂರರ ಹತ್ತಿರ ಬರುತ್ತದೆ. ಎರಡೂ ಸುರುಳಿಗಳ ಕ್ಷೇತ್ರ ಒಂದಕ್ಕೊಂದು ಕೈ ಜೋಡಿಸುತ್ತವೆ. ಗಂಡ ಹೆಂಡತಿ ಒಂದೇ ಕಡೆ ಎಳೆದರೆ ಸಂಸಾರ ಹೇಗೆ ಸಾಗುತ್ತದೋ ಹಾಗೆ. ಆದರೆ ಒಂದು ಷರತ್ತು. ಕೆಳಗಿನ ಪದರದಲ್ಲೂ ಕರೆಂಟ್ ಅದೇ ದಿಕ್ಕಿನಲ್ಲಿ ಸುತ್ತಬೇಕು. ಮೇಲೆ ಹೊರಗಿನಿಂದ ಒಳಗೆ ಬಂದದ್ದು ಕೆಳಗೆ ಒಳಗಿನಿಂದ ಹೊರಗೆ ಹೋಗುವಾಗಲೂ ಒಂದೇ ಕಡೆಯಿಂದ ನೋಡಿದರೆ ಪ್ರದಕ್ಷಿಣೆಯಾಗಿಯೇ ಇರಬೇಕು. ಕಂಪ್ಯೂಟರಿನಲ್ಲಿ ಮೇಲಿನ ಸುರುಳಿಯನ್ನೇ ಕಾಪಿ ಮಾಡಿ ಕೆಳಗೆ ಅಂಟಿಸಿದರೆ ಕರೆಂಟ್ ಅಪ್ರದಕ್ಷಿಣೆ ಹೊಡೆಯುತ್ತದೆ. ಒಂದು ಎಳೆದಿದ್ದನ್ನು ಇನ್ನೊಂದು ಬಿಡುತ್ತದೆ. ಇಪ್ಪತ್ಮೂರು ಬರಬೇಕಾದ ಕಡೆ ಐದು ಬರುತ್ತದೆ.

ನಮ್ಮ ಮೊದಲ ಸ್ಯಾಂಪಲ್ಲಿನಲ್ಲಿ ಆಗಿದ್ದೂ ಅದೇ. ಮಜಾ ನೋಡಿ, ಮಲ್ಟಿಮೀಟರಿನಲ್ಲಿ ಅದು ತಪ್ಪು ಅಂತ ಗೊತ್ತೇ ಆಗುವುದಿಲ್ಲ. ಸುರುಳಿ ಹೇಗೆ ಸುತ್ತಿದರೂ ತಾಮ್ರದ ಉದ್ದ ಅಷ್ಟೇ, ಹಾಗಾಗಿ ರೆಸಿಸ್ಟೆನ್ಸ್ ಅಷ್ಟೇ, ಸುಮಾರು 6 ಓಮ್. ಚಿಪ್ ಕೂಡ ಸುಮ್ಮನೆ ಕೆಲಸ ಮಾಡುತ್ತದೆ. 330 ಪಿಕೋಫ್ಯಾರಡ್ ಕೆಪಾಸಿಟರ್ ಜೊತೆ 1.8 ಮೆಗಾಹರ್ಟ್ಸ್ ನಲ್ಲಿ ಓಡಬೇಕಾದದ್ದು 4ರ ಹತ್ತಿರ ಓಡುತ್ತದೆ. ಸ್ಕ್ರೀನಿನ ಮೇಲೆ ಅಂಕೆ ಓಡುತ್ತಿರುತ್ತದೆ. ಲೋಹ ಮೂತಿಗೆ ತಂದರೆ ಅಂಕೆ ಬದಲಾಗುತ್ತದೆ. ದೂರದಿಂದ ಮಾತ್ರ ಕಾಣುವುದಿಲ್ಲ. ಆ ಹುಡುಗಿಯೇ ಅದನ್ನು ಎರಡು ದಿನದಲ್ಲಿ ಹಿಡಿದಳು. ವಾಗ್ಳೆ ಎಸ್ಟೇಟಿನ ಗೆಳೆಯನ ಯೂನಿಟ್ಟಿಗೆ ಹೋಗಿ ಎಲ್‌ಸಿಆರ್ ಮೀಟರಿನಲ್ಲಿ ಅಳೆದು, "ಸರ್, ಕೆಳಗಿಂದು ಉಲ್ಟಾ ಆಗಿದೆ" ಅಂತ ಫೋನ್ ಮಾಡಿದಳು. ತಿದ್ದಿದೆವು. ಹೊಸ ಸ್ಯಾಂಪಲ್ ಚೆನ್ನಾಗಿ ಬಂತು. ಪಾಠ ಅಗ್ಗದಲ್ಲಿ ಆಯಿತು ಅಂದುಕೊಂಡೆ.

ಆಮೇಲೆ ಮುನ್ನೂರು ಬೋರ್ಡ್ ಬಂದವು. ಪ್ಯಾಕೆಟ್ಟಿನ ಮೇಲೆ ಪಿಸಿಬಿ ಮಾಡಿದವರ ಸೀಲು, ನೂರಕ್ಕೆ ನೂರು ಎಲೆಕ್ಟ್ರಿಕಲ್ ಟೆಸ್ಟ್ ಪಾಸ್. ನಾನೂ ನಾಲ್ಕು ಬೋರ್ಡ್ ತೆಗೆದು ಮಲ್ಟಿಮೀಟರ್ ಹಚ್ಚಿದೆ. ಬೀಪ್, ಬೀಪ್, ಬೀಪ್, ಬೀಪ್. "ಸರ್, ಎಲ್ಲಾನೂ ಒಂದು ಸಲ ಎಲ್‌ಸಿಆರ್ ನಲ್ಲಿ ನೋಡೋಣವಾ? ನಾನೇ ಥಾಣೆಗೆ ತಗೊಂಡು ಹೋಗ್ತೀನಿ" ಅಂದಳು ಹುಡುಗಿ. ನನಗೆ ಡೆಲಿವರಿ ತಾರೀಖಿನ ಚಿಂತೆ. "ಬೀಪ್ ಅಂತಲ್ಲಮ್ಮ, ಡಿಸೈನ್ ಸರಿಯಿದೆ, ಬೋರ್ಡ್ ಪಾಸಾಗಿದೆ, ಇನ್ನೇನು ನೋಡ್ತೀಯ, ಕಳಿಸು" ಅಂದೆ.

ಆ ನೂರಕ್ಕೆ ನೂರು ಪಾಸ್ ಸುಳ್ಳಲ್ಲ. ಅದು ಅವರ ಮಟ್ಟಿಗೆ ಸತ್ಯವೇ. ಆದರೆ ಅದು ಏನನ್ನು ನೋಡುತ್ತದೆ ಅಂತ ನಾನು ಯೋಚಿಸಲಿಲ್ಲ. ಬೋರ್ಡ್ ಟೆಸ್ಟ್ ಮಾಡುವ ಮಷೀನ್ ಎರಡೇ ವಿಷಯ ಕೇಳುತ್ತದೆ. ಜೋಡಿಸಬೇಕಾದ ಜಾಗಗಳು ಜೋಡಿಸಿವೆಯೇ? ಬೇರೆ ಬೇರೆ ಇರಬೇಕಾದ ಜಾಗಗಳು ಒಂದಕ್ಕೊಂದು ತಾಗಿಲ್ಲವಷ್ಟೇ? ಈಗ ಕಾಯಿಲ್ ನೋಡಿ. ಆ ಮಷೀನಿನ ಲೆಕ್ಕದಲ್ಲಿ ಇಡೀ ಸುರುಳಿ ಒಂದೇ ಜಾಗ, ಆದಿಯಿಂದ ಅಂತ್ಯದ ತನಕ ಒಂದೇ ತಾಮ್ರ. ಒಂಬತ್ತನೇ ಸುತ್ತು ಹತ್ತನೇ ಸುತ್ತಿಗೆ ಕೂದಲಿನಷ್ಟು ತಾಮ್ರದಿಂದ ಅಂಟಿಕೊಂಡಿದ್ದರೆ? ಎರಡೂ ಒಂದೇ ಮನೆಯವರು. ದೂರು ಎಲ್ಲಿಂದ ಬರಬೇಕು? ಪಾಸ್!

ರೆಸಿಸ್ಟೆನ್ಸಿನಲ್ಲಾದರೂ ಗೊತ್ತಾಗುತ್ತದೆಯೇ? ಎರಡೂ ಪದರ ಸೇರಿ 46 ಸುತ್ತು. ಅದರಲ್ಲಿ ಒಂದು ಸುತ್ತು ಅಡ್ಡದಾರಿ ಹಿಡಿದರೆ ಸರಾಸರಿ ನೂರಕ್ಕೆ ಎರಡರಷ್ಟು ಕಡಿಮೆಯಾಗುತ್ತದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿ ಸೆಲ್ಸಿಯಸ್ ಗೆ ನೂರಕ್ಕೆ 0.39ರಷ್ಟು ಬದಲಾಗುತ್ತದೆ. ಅಂದರೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಆರು ಡಿಗ್ರಿ ವ್ಯತ್ಯಾಸ ಇದ್ದರೆ ಆ ಎರಡು ಪರ್ಸೆಂಟ್ ಅದರಲ್ಲೇ ಮುಚ್ಚಿಹೋಯಿತು. ಬೋರ್ಡಿನಿಂದ ಬೋರ್ಡಿಗೆ ತಾಮ್ರದ ದಪ್ಪ ಬೇರೆಯಾಗುವುದು ಇದಕ್ಕಿಂತ ಹೆಚ್ಚು.

ಆದರೆ ಕಾಂತಕ್ಷೇತ್ರದ ಕಣ್ಣಿಗೆ ಅದು ಸಣ್ಣ ವಿಷಯ ಅಲ್ಲ. ಶಾರ್ಟ್ ಆದ ಆ ಒಂದು ಸುತ್ತು ಮುಚ್ಚಿದ ಬಳೆ. ಕಾಯಿಲಿನ ಹೊಟ್ಟೆಯಲ್ಲೇ ಕೂತ ಲೋಹದ ಬಳೆ. ಯಾವ ಲೋಹ ಹತ್ತಿರ ಬಂತು ಅಂತ ಸೆನ್ಸರ್ ಹೊರಗೆ ಹುಡುಕಬೇಕೋ ಅದು ಅದರೊಳಗೇ ಇದೆ! ಉಸ್ತಾದ್ ಹೇಳಿದ ಕಳ್ಳ ಇವನೇ.

ನಾವು ಬೋರ್ಡುಗಳನ್ನು ಜೋಡಿಸಿ, ಪ್ರತಿ ಸೆನ್ಸರಿಗೂ ಟೀಚ್ ಬಟನ್ ಒತ್ತಿ ಕಳಿಸಿದೆವು. ಟೀಚ್ ಅಂದರೆ, ಬಾಗಿಲು ತೆಗೆದಿರುವಾಗಿನ ಅಂಕೆ ಇದು ಅಂತ ಸೆನ್ಸರಿಗೆ ಕಲಿಸೋದು. ಈ ಕಲಿಸುವಿಕೆಯೇ ನಮ್ಮ ತಪ್ಪಿಗೆ ಹೊದಿಕೆ ಹೊದಿಸಿತು. ಒಳಗೆ ಬಳೆ ಇದ್ದ ಸೆನ್ಸರುಗಳು ಕೂಡ ಅದೇ ತಮ್ಮ ಸಹಜ ಸ್ಥಿತಿ ಅಂತ ಕಲಿತುಕೊಂಡವು. ನಾವು ಕಲಿಸಿದ್ದು ಮೇ ತಿಂಗಳ ಡೊಂಬಿವಲಿಯ ಪತ್ರೆಯ ಷೆಡ್ಡಿನಲ್ಲಿ, ಬೆವರು ಸುರಿಯುವ ಸೆಕೆಯಲ್ಲಿ. ಅವು ಕೂತದ್ದು ನವಿ ಮುಂಬಯಿಯ ಒಂದು ಎಸಿ ಪ್ಯಾಕಿಂಗ್ ಹಾಲಿನಲ್ಲಿ. ತಣ್ಣಗಾದಾಗ ತಾಮ್ರದ ಬಳೆಯ ರೆಸಿಸ್ಟೆನ್ಸ್ ಇಳಿಯಿತು, ಅದರಲ್ಲಿ ಹರಿಯುವ ಸುಳಿ ಬಲವಾಯಿತು, ಕಾಯಿಲಿನ ಇಂಡಕ್ಟೆನ್ಸ್ ಇನ್ನಷ್ಟು ಇಳಿಯಿತು. ಸೆನ್ಸರ್ ಇದನ್ನು ಹೇಗೆ ಅರ್ಥ ಮಾಡಿಕೊಂಡಿತು? ಲೋಹ ಹತ್ತಿರ ಬಂತು. ಅಂದರೆ ಬಾಗಿಲು ಮುಚ್ಚಿತು.

ಬಾಗಿಲು ತೆಗೆದೇ ಇತ್ತು. ಸಿಕ್ಕಿಹಾಕಿಕೊಂಡ ಪ್ಯಾಕೆಟ್ ತೆಗೆಯುತ್ತಿದ್ದ ಹುಡುಗ ಬಟ್ಟೆ ತರಲು ಆ ಕಡೆ ತಿರುಗಿದ್ದ. ಇನ್ನೊಬ್ಬ ಸ್ಟಾರ್ಟ್ ಒತ್ತಿದ. ಓಡಬಾರದ ಮಷೀನ್ ಓಡಿತು. ಕಾದ ಸೀಲಿಂಗ್ ದವಡೆ ಒಂದು ಸಲ ಮುಚ್ಚಿ ತೆರೆಯಿತು. ಮೂರು ಸೆಕೆಂಡು ಮುಂಚೆ ಅಲ್ಲಿ ಅವನ ಕೈ ಇತ್ತು.

ಕಾವಲು ಬಾಗಿಲಿಗೆ ಇಂಥ ಸಾಧಾರಣ ಸೆನ್ಸರ್ ಒಂದನ್ನೇ ನಂಬಿ ಮಷೀನ್ ಕಟ್ಟಬಾರದು, ಸುರಕ್ಷತೆಗೆಂದೇ ಮಾಡಿದ ಇಂಟರ್‌ಲಾಕ್ ಬೇರೆಯೇ ಇರಬೇಕು ಅಂತ ತಿಳಿದವರು ಹೇಳುತ್ತೀರಿ. ಸರಿಯಾದ ಮಾತು. ಆದರೆ ಅದು ನನ್ನ ತಪ್ಪನ್ನು ಕಮ್ಮಿ ಮಾಡುವುದಿಲ್ಲ. ಇಬ್ಬರು ಕಾವಲುಗಾರರು ಇರಬೇಕಿತ್ತು ಅನ್ನೋದು ಒಬ್ಬ ನಿದ್ದೆ ಮಾಡಿದ್ದಕ್ಕೆ ಸಮರ್ಥನೆ ಆಗೋದಿಲ್ಲ.

ಎಲ್ಲ ಬೋರ್ಡ್ ವಾಪಸ್ಸು ತರಿಸಿದೆವು. ಮುನ್ನೂರನ್ನೂ ಥಾಣೆಗೆ ಒಯ್ದು ಎಲ್‌ಸಿಆರ್ ಮೀಟರಿಗೆ ಹಚ್ಚಿದೆವು. 296 ಬೋರ್ಡ್ ಚಿನ್ನದಂತಿದ್ದವು, 23 ಮೈಕ್ರೋಹೆನ್ರಿಯ ಅಕ್ಕಪಕ್ಕ. ನಾಲ್ಕು ಮಾತ್ರ 18ಕ್ಕೆ ಇಳಿದಿದ್ದವು. ಇಂಡಕ್ಟೆನ್ಸಿಗಿಂತ ಜೋರಾಗಿ ಕೂಗಿದ್ದು ಕ್ಯೂ ಅನ್ನೋ ಸಂಖ್ಯೆ. ಕಾಯಿಲ್ ಎಷ್ಟು ಶಕ್ತಿ ಇಟ್ಟುಕೊಳ್ಳುತ್ತದೆ, ಎಷ್ಟು ಕಳೆಯುತ್ತದೆ ಅನ್ನುವುದರ ಲೆಕ್ಕ ಅದು. ಒಳ್ಳೆಯವುಗಳಲ್ಲಿ ಮೂವತ್ತರ ಮೇಲಿತ್ತು, ಈ ನಾಲ್ಕರಲ್ಲಿ ಆರು, ಏಳು. ನಾಲ್ಕನ್ನೂ ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಗಳ ನಡುವೆ ಎಚ್ಚಿಂಗ್ ನಲ್ಲಿ ಕರಗದೆ ಉಳಿದ ತಾಮ್ರದ ಚೂರು. ರೆಸಿಸ್ಟೆನ್ಸ್? ಮುನ್ನೂರಕ್ಕೂ ಹೆಚ್ಚು ಕಮ್ಮಿ ಒಂದೇ. ಬೀಪ್? ಎಲ್ಲದಕ್ಕೂ ಬೀಪ್.

ನಾಚಿಕೆಯ ಭಾಗ ಇನ್ನೂ ಇದೆ. ಮೀಟಿಂಗಿನಲ್ಲಿ "ಲೇಔಟ್ ಮಾಡಿದವರು ಯಾರು?" ಅಂತ ಪ್ರಶ್ನೆ ಬಂತು. ಎಲ್ಲರ ಕಣ್ಣೂ ಆ ಹುಡುಗಿಯ ಕಡೆ. ಅವಳು ಏನೂ ಹೇಳಲಿಲ್ಲ, ನನ್ನನ್ನು ನೋಡಿದಳು ಅಷ್ಟೆ. ನಾನೂ ಆಗ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಹೇಳಿದೆ, ಅವಳು ಅಳೆಯೋಣ ಅಂದಿದ್ದಳು, ಬೇಡ ಅಂದವನು ನಾನು ಅಂತ. ಆ ಎರಡು ದಿನ ತಡ ಮಾಡಿದ್ದು ಇವತ್ತಿಗೂ ಚುಚ್ಚುತ್ತದೆ.

ಈಗ ನನ್ನ ಅಭಿಪ್ರಾಯ. ಡಿಸೈನ್ ಬೇರೆ, ಅದನ್ನು ಖಾತ್ರಿ ಮಾಡಿಕೊಳ್ಳುವುದು ಬೇರೆ. ಮೊದಲನೆಯದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಎರಡನೆಯದನ್ನು ಖರ್ಚು ಅಂತ ಬರೆದುಕೊಂಡಿದ್ದೇವೆ. ಸಂದರ್ಶನಕ್ಕೆ ಬರುವ ಹುಡುಗರಿಗೆ ಸಿಮ್ಯುಲೇಷನ್ ನೀರು ಕುಡಿದ ಹಾಗೆ. ಬಣ್ಣ ಬಣ್ಣದ ಚಿತ್ರ ತೋರಿಸುತ್ತಾರೆ. "ಈ ಕಾಯಿಲ್ ಕೈಗೆ ಕೊಟ್ಟರೆ ಸರಿಯಿದೆ ಅಂತ ಹೇಗೆ ಹೇಳ್ತೀಯಪ್ಪಾ?" ಅಂದರೆ ತಡವರಿಸುತ್ತಾರೆ. ಅವರ ತಪ್ಪಲ್ಲ, ಯಾರೂ ಕೇಳಿಯೇ ಇಲ್ಲ. ಇನ್ನು ನನ್ನಂಥ ಹಳಬರು "ನನಗೆ ಅನುಭವ ಇದೆ" ಅನ್ನುತ್ತೇವೆ. ನನ್ನ ಅನುಭವದ ಕಥೆ ಮೇಲೆ ಓದಿದಿರಲ್ಲ!

ದುಬಾರಿ ಮೀಟರ್ ಎಲ್ಲಿಂದ ತರೋಣ ಅನ್ನುತ್ತಾರೆ. ದುಬಾರಿಯೇ ಬೇಕಿಲ್ಲ. ಎರಡು ಕೆಪಾಸಿಟರ್ ಮತ್ತು ಫ್ರೀಕ್ವೆನ್ಸಿ ತೋರಿಸುವ ಯಾವುದಾದರೂ ಸಾಧನ ಇದ್ದರೆ ಸಾಕು. ಸೆನ್ಸರ್ ಚಿಪ್ಪೇ ಫ್ರೀಕ್ವೆನ್ಸಿ ಹೇಳುತ್ತದೆ. ಒಮ್ಮೆ 330 ಪಿಕೋಫ್ಯಾರಡ್ ಹಾಕಿ ನೋಡಿ, ಇನ್ನೊಮ್ಮೆ 680 ಹಾಕಿ ನೋಡಿ. ಮೊದಲಿನದಕ್ಕೆ 1.80 ಮೆಗಾಹರ್ಟ್ಸ್, ಎರಡನೆಯದಕ್ಕೆ 1.263 ಬಂತು ಅನ್ನಿ. ಎರಡರ ವರ್ಗಗಳನ್ನು ತಲೆಕೆಳಗು ಮಾಡಿ ಕಳೆದರೆ, ಆ ವ್ಯತ್ಯಾಸವನ್ನು ಪೈ ವರ್ಗದ ನಾಲ್ಕರಷ್ಟು ಮತ್ತು ಕೆಪಾಸಿಟರುಗಳ ವ್ಯತ್ಯಾಸ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ, ಇಂಡಕ್ಟೆನ್ಸ್ 23 ಮೈಕ್ರೋಹೆನ್ರಿ ಅಂತ ಬರುತ್ತದೆ. ಆಮೇಲೆ ಹಿಂದಕ್ಕೆ ಲೆಕ್ಕ ಹಾಕಿದರೆ ಬೋರ್ಡಿನದೇ ಆದ ಹತ್ತು ಪಿಕೋಫ್ಯಾರಡ್ ಕೂಡ ಹೊರಬೀಳುತ್ತದೆ. ಒಂದೇ ಕೆಪಾಸಿಟರ್ ಹಾಕಿ ನೋಡಿದರೆ ಆ ಹತ್ತು ನಿಮ್ಮ ಲೆಕ್ಕವನ್ನು ಸದ್ದಿಲ್ಲದೆ ಕೆಡಿಸುತ್ತಿತ್ತು. ಕೆಪಾಸಿಟರ್ ಮಾತ್ರ ಸಿ-ಝೀರೋ-ಜಿ ಜಾತಿಯದ್ದೇ ಆಗಿರಲಿ. ಅಗ್ಗದ್ದು ಹಾಕಿದರೆ ಸೆಕೆಗೆ ಅದೇ ಬದಲಾಗುತ್ತದೆ, ಕಾಯಿಲಿಗೆ ಬೈಗುಳ ಬೀಳುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿ ತನ್ನಿ. ಈಗಂತೂ ನ್ಯಾನೋ ವಿಎನ್‌ಎ ಅನ್ನುವ ಅಂಗೈ ಅಗಲದ ಉಪಕರಣ ಸಾವಿರಗಳಲ್ಲಿ ಸಿಗುತ್ತದೆ, ಅದರಲ್ಲಿ ಕಾಯಿಲ್ ಎಲ್ಲಿ ಅನುರಣಿಸುತ್ತದೆ, ಎಷ್ಟು ಕಳೆಯುತ್ತದೆ ಎರಡೂ ಕಾಣುತ್ತದೆ. ಮೀಟರೇ ಸರಿಯಿದೆಯೋ ಅನ್ನುವ ಅನುಮಾನ ಬಂದರೆ ಸಯನ್-ಚುನಾಭಟ್ಟಿಯ ಇಡೆಮಿ ಇದೆ. ಅಳತೆಯ ಉಪಕರಣಗಳಿಗೆಂದೇ 1969ರಲ್ಲಿ ಸರ್ಕಾರ ಕಟ್ಟಿದ ಸಂಸ್ಥೆ. ನಮ್ಮ ಲೋಕಲ್ ಹೋಗುವ ದಾರಿಯಲ್ಲೇ ಇದೆ.

ಬರೀ ಬೋರ್ಡ್ ಅಳೆದರೂ ಸಾಲದು. ಅದು ಕೂರುವ ಜಾಗದಲ್ಲಿ ಕೂರಿಸಿ ಅಳೆಯಬೇಕು. ಹಿಂದೆ ಒಂದು ಸ್ಟೀಲ್ ಬೋಲ್ಟು, ಕೆಳಗೆ ಗ್ರೌಂಡಿನ ತಾಮ್ರದ ಹಾಸು, ಪಕ್ಕದಲ್ಲಿ ಅಲ್ಯೂಮಿನಿಯಂ ಡಬ್ಬಿ ಇದ್ದರೆ ಅವೆಲ್ಲವೂ ಕಾಯಿಲಿನ ಕಣ್ಣಿಗೆ ಲೋಹವೇ. ಕಾಯಿಲಿನ ವ್ಯಾಸದ ಮೂರನೇ ಒಂದು ಭಾಗದಷ್ಟಾದರೂ ಸುತ್ತ ಖಾಲಿ ಬಿಡುವುದು ಒಳ್ಳೆಯದು. ಯಾವ ಲೋಹವನ್ನು ನೋಡಬೇಕು ಅನ್ನುವುದೂ ಮುಖ್ಯ. ಸಾಮಾನ್ಯ ಪ್ರಾಕ್ಸಿಮಿಟಿ ಸೆನ್ಸರಿನ ಡಬ್ಬಿಯ ಮೇಲೆ ಬರೆದ ದೂರ 1 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ಚೌಕಕ್ಕೆ ಹೇಳಿದ್ದು. ಅದೇ ಸೆನ್ಸರಿನ ಮುಂದೆ ಅಲ್ಯೂಮಿನಿಯಂ ಹಿಡಿದರೆ ಆ ದೂರ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಆ ಉಕ್ಕಿಗೇ ಕೂಡ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಖಾತ್ರಿ ಕೊಡುವುದು ಬರೆದ ದೂರದ ನೂರಕ್ಕೆ 81ರಷ್ಟಕ್ಕೆ ಮಾತ್ರ. ಖಾತ್ರಿ ಅನ್ನುವ ಪದವನ್ನು ಅವರು ಎಷ್ಟು ಜೋಪಾನವಾಗಿ ಬಳಸುತ್ತಾರೆ ನೋಡಿ. ನಾವು ಓಕೆ ಸ್ಟಿಕ್ಕರ್ ಅನ್ನು ಸಾವಿರದ ರೋಲಿನಲ್ಲಿ ತಂದು ಮೊದಲೇ ಅಂಟಿಸಿ ಇಡುತ್ತೇವೆ.

"ಇಷ್ಟೆಲ್ಲ ಅಳೀತಾ ಕೂತರೆ ಚೀನಾದ ರೇಟಿಗೆ ಹೇಗೆ ಕೊಡೋದು?" ಇದು ಪಕ್ಕದ ಗಾಳೆಯ ಗೆಳೆಯನ ಪ್ರಶ್ನೆ. ಲೆಕ್ಕ ಹಾಕಿ ತೋರಿಸಿದೆ. ಆ ಹುಡುಗಿ ಆಮೇಲೆ ಎರಡು ಸ್ಪ್ರಿಂಗ್ ಪಿನ್ನಿನ ಒಂದು ಜಿಗ್ ಮಾಡಿದಳು. ಬೋರ್ಡ್ ಇಟ್ಟು ಒತ್ತಿದರೆ ಇಂಡಕ್ಟೆನ್ಸ್, ಕ್ಯೂ ಎರಡೂ ಬರುತ್ತದೆ. ಒಂದಕ್ಕೆ ಹದಿನೈದು ಸೆಕೆಂಡ್. ಮುನ್ನೂರಕ್ಕೆ ಎಪ್ಪತ್ತೈದು ನಿಮಿಷ. ಕಲ್ಯಾಣದಿಂದ ಸ್ಲೋ ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಹೋಗುವಷ್ಟೂ ಹೊತ್ತಿಲ್ಲ! ಅಷ್ಟು ಹೊತ್ತು ಉಳಿಸಲು ಹೋಗಿ ನಾನು ಒಬ್ಬ ಹುಡುಗನ ಕೈಯನ್ನು ಪಣಕ್ಕಿಟ್ಟಿದ್ದೆ.

ನನಗನ್ನಿಸುವುದು ಇಷ್ಟು. ಈ ಊರು ನಮಗೆ ಕಲಿಸಿದ ದೊಡ್ಡ ಪಾಠ ಅಂದರೆ ಅಡ್ಜಸ್ಟ್ ಮಾಡಿಕೊಳ್ಳೋದು. ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಕೊಡೋದು, ಹತ್ತು ಬೈ ಹತ್ತರ ಖೋಲಿಯಲ್ಲಿ ಊರಿನಿಂದ ಬಂದ ನೆಂಟರನ್ನೂ ಮಲಗಿಸೋದು. ಬದುಕಲು ಬಂದ ನಮ್ಮಂಥವರನ್ನು ಈ ಊರು ಉಳಿಸಿಕೊಂಡದ್ದೇ ಆ ಗುಣದಿಂದ. ಮನುಷ್ಯರ ನಡುವೆ ಅದು ಪುಣ್ಯ. ಆದರೆ ತಾಮ್ರಕ್ಕೆ ಅಡ್ಜಸ್ಟ್ ಗೊತ್ತಿಲ್ಲ. ಟ್ರೇನಿನ ಗುಣವನ್ನು ಕಾರ್ಖಾನೆಯೊಳಗೆ ತಂದರೆ ಅದು "ಚಲ್ತಾ ಹೈ" ಆಗುತ್ತದೆ. ಎಂಐಡಿಸಿಯ ಮಗ್ಗುಲಲ್ಲೇ ಮನೆ ಮಾಡಿಕೊಂಡಿರುವ, 2016ರ ಮೇ ತಿಂಗಳಲ್ಲೂ 2024ರ ಮೇ ತಿಂಗಳಲ್ಲೂ ಸ್ಫೋಟಕ್ಕೆ ಕಿಟಕಿ ಅದುರಿದ್ದನ್ನು ಕಂಡ ನಮಗೆ ಆ ಮಾತು ಹಗುರ ಅನ್ನಿಸಬಾರದು. ಅವುಗಳ ಕಾರಣ ಬೇರೆ, ನನ್ನ ಕಾಯಿಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಗೋಡೆಯ ಆ ಕಡೆ ಯಾರೋ ಸರಿಯಾಗಿ ನೋಡಿರುತ್ತಾರೆ ಅನ್ನುವ ನಂಬಿಕೆಯ ಮೇಲೆಯೇ ಈ ಕಡೆಯವರು ರಾತ್ರಿ ಮಲಗುವುದು.

ಆ ಹುಡುಗಿ ಈಗ ಪುಣೆಯಲ್ಲಿದ್ದಾಳೆ, ದೊಡ್ಡ ಕೆಲಸ. ಅವಳು ಮಾಡಿದ ಜಿಗ್ ನಮ್ಮಲ್ಲೇ ಇದೆ. ಹೊಸದಾಗಿ ಬಂದ ಹುಡುಗ ಮೊನ್ನೆ ಕೇಳಿದ, "ಸರ್, ಬೋರ್ಡ್ ಟೆಸ್ಟ್ ಆಗಿಯೇ ಬಂದಿದೆಯಲ್ಲ, ಮತ್ತೆ ಯಾಕೆ ಅಳೀಬೇಕು?" ಅಂತ. ಡ್ರಾಯರಿನಲ್ಲಿಟ್ಟಿರುವ ಆ ನಾಲ್ಕು ಬೋರ್ಡುಗಳಲ್ಲಿ ಒಂದನ್ನು ತೆಗೆದು ಕೈಗೆ ಕೊಟ್ಟೆ. ಮೊದಲು ಮಲ್ಟಿಮೀಟರ್ ಹಚ್ಚು ಅಂದೆ. ಬೀಪ್ ಅಂತು. ಆಮೇಲೆ ಜಿಗ್ ಮೇಲಿಡು ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಬೋರ್ಡುಗಳ ಕಟ್ಟು ಬಿಚ್ಚಿ ಒಂದೊಂದಾಗಿ ಇಡತೊಡಗಿದ.

ಹುಬ್ಬಳ್ಳಿಯ ಉಸ್ತಾದ್ ಇದ್ದಿದ್ದರೆ ಹ್ಯಾಕ್ಸಾ ಬ್ಲೇಡ್ ಕೇಳುತ್ತಿದ್ದರೇನೋ.